ಕಪ್ಪಿನ ಬಾಕಿ

ನಮ್ಮಂಗಡಿಯಲ್ಲಿ ಕಪ್ಪು ಖರ್ಚಾಗದೆ ಒಂಬತ್ತು ವರ್ಷ.
ಮೇಲಿನ ಹಲಗೆಯಲ್ಲಿ ಸಾಲಾಗಿ ಮಲಗಿವೆ ತವರದ ಕೊಳವೆಗಳು.
ಸುಟ್ಟ ಮೂಳೆಯ ಮಸಿ; ಅರೆದದ್ದು ನನ್ನ ಗಂಡ,
ಅಗಸೆ ಎಣ್ಣೆ ಹನಿಹನಿ ಬಿಟ್ಟು,
ಕಲ್ಲಿನ ಮೇಲೆ ಕಲ್ಲು ತಿರುವಿ.

ಪ್ಯಾರಿಸ್ಸಿನ ಹುಡುಗರು ಬರುತ್ತಾರೆ, ಮಂಡಿಗೆಲ್ಲ ಹುಲ್ಲಿನ ಕಲೆ.
"ಕಪ್ಪೇ? ಅದು ಬಣ್ಣವಲ್ಲ ಮದಾಂ, ಬೆಳಕಿನ ಗೈರುಹಾಜರಿ."
ನೆರಳಿಗೆಂದು ನೇರಳೆ ಒಯ್ಯುತ್ತಾರೆ,
ಸಾಲ ಹೇಳಿ.

ಸೇನ್ ನದಿ ದಾಟಿ ಮೂರು ಬೀದಿ ಆಚೆ ಹೋದವಳಲ್ಲ ನಾನು.
ಆದರೂ ಲೆಕ್ಕದ ಪುಸ್ತಕ ತೆರೆದರೆ
ಯಾವ ಊರಲ್ಲಿ ಎಷ್ಟು ಹೊತ್ತಿಗೆ ಕತ್ತಲಾಗುತ್ತದೆಂದು ಹೇಳಬಲ್ಲೆ.

ಡೆನ್ಮಾರ್ಕಿನ ತುದಿ, ಎರಡು ಕಡಲು ಹಣೆಗೆ ಹಣೆ ತಾಗಿಸುವ ಮರಳು.
ಅಲ್ಲಿಂದ ಇಂಗೆಬೋರ್ಗ್: ಕೋಬಾಲ್ಟ್ ನೀಲಿ, ಇಪ್ಪತ್ತು.
ಮರುತಿಂಗಳು ಮತ್ತೆ ಇಪ್ಪತ್ತು.
ಏನು ಮಾಡುತ್ತೀ ತಾಯಿ, ಕುಡಿಯುತ್ತೀಯಾ? ಎಂದು ಬರೆದೆ.
"ಜೂನಿನಲ್ಲಿ ಇಲ್ಲಿ ರಾತ್ರಿ ಒಳಗೆ ಬರುವುದೇ ಇಲ್ಲ,
ಹೊಸ್ತಿಲಲ್ಲಿ ನೀಲಿಯಾಗಿ ನಿಂತುಬಿಡುತ್ತದೆ."

ಲುಬ್ಲಿಯಾನಾದ ಆಚೆ ಯಾವುದೋ ಹಳ್ಳಿಯ ಯೆರ್ನೇಯ್‌ಗೆ
ಎಣ್ಣೆ ಕಡಿಮೆ, ಬಣ್ಣ ಗಟ್ಟಿ ಇರಬೇಕು:
ಅವನು ಮಂಜನ್ನು ಕರಣೆಯಲ್ಲಿ ಮೆತ್ತುತ್ತಾನಂತೆ, ಗೋಡೆ ಕಟ್ಟುವವರ ಹಾಗೆ.

ಕನೆಕ್ಟಿಕಟ್‌ನ ಫಿಲಾಂಡರನದು ಬೇರೆ ಚಿಂತೆ.
ತೋಟ ಕರಗಲಿ, ಬೇಲಿ ಕರಗಲಿ,
ಹೆಂಡತಿಯ ಮೂಗು ಮಾತ್ರ ಇದ್ದಲ್ಲೇ ಇರಬೇಕು.

ಮೊರಿಹೇ ಇಲ್ಲಿ ಎರಡು ವರ್ಷ ಕಲಿತು
ಒಂದು ಪೆಟ್ಟಿಗೆ ನೇರಳೆ ಕಟ್ಟಿಸಿಕೊಂಡು ಹಡಗು ಹತ್ತಿದ.
ಟೋಕಿಯೋದಿಂದ ಕಾಗದ: "ನಮ್ಮನ್ನು ನೇರಳೆಯವರು ಅಂತ ಆಡಿಕೊಳ್ಳುತ್ತಾರೆ.
ಇನ್ನೂ ಆರು ಕಳಿಸಿ."

ಗಂಡ ಹೋದದ್ದು ಫೆಬ್ರವರಿಯಲ್ಲಿ.
ಸೀಸದ ಬಿಳಿ ಅರೆದರೆದು
ವಸಡಿನಲ್ಲಿ ತೆಳ್ಳನೆ ನೀಲಿ ಗೆರೆ ಬಿದ್ದಿತ್ತು.
ಬಿಳಿಗೂ ಇಂಥ ನೆರಳಿದೆ ಎಂದು
ಆ ಹುಡುಗರಿಗೆ ನಾನು ಹೇಳಲಿಲ್ಲ.

ಅವರಲ್ಲೊಬ್ಬ, ಸಾಲ ತೀರಿಸಲಾರದೆ,
ಹಿತ್ತಲಲ್ಲಿ ಕೂರಿಸಿ ನನ್ನ ಚಿತ್ರ ಬರೆದ.
ನೋಡಿದರೆ ಸೂತಕದ ಉಡುಪಿನ ತುಂಬ ನೇರಳೆ, ಹಸಿರು,
ಮೊಣಕೈಯ ಹತ್ತಿರ ಚಿಟಿಕೆ ಕಿತ್ತಳೆ!
ಎಂಟು ಫ್ರಾಂಕ್ ತೆತ್ತು ಅದ್ದಿಸಿದ ಕಪ್ಪು ಕಣಯ್ಯಾ ಅದು.
ಚಿತ್ರವನ್ನು ಗೋಡೆಗೆ ಮುಖ ಮಾಡಿ ಇಟ್ಟೆ.

ಅಕ್ಟೋಬರಿನಲ್ಲಿ ವಲೆನ್ಸಿಯಾದ ಬಿಸೆಂತ್ ತಾನೇ ಬಂದ.
ವರ್ಷಕ್ಕೆ ಅರ್ಧ ಮಣ ಬಿಳಿ ಒಯ್ಯುವವನು:
ಹಾಯಿ, ಸುಣ್ಣದ ಗೋಡೆ, ಮಧ್ಯಾಹ್ನ, ಎಲ್ಲಕ್ಕೂ ಅದೇ.
ಅವನು ಬಿಚ್ಚಿದ ಮಡಿಕೆಯಿಂದಲೂ ಮರಳು ಉದುರಿತು.
"ಕಪ್ಪು ಇದೆಯೇ? ಹನ್ನೆರಡು ಬೇಕು.
ನಮ್ಮ ಅಜ್ಜಂದಿರು ಬಿಡಲಿಲ್ಲ, ನಾನೂ ಬಿಡಲಾರೆ.
ಕಪ್ಪಿಲ್ಲದೆ ಬಿಳಿಗೆ ಸದ್ದೆಲ್ಲಿಂದ?"
ಬಾಗಿಲಲ್ಲಿ ನಿಂತೇ ನನ್ನನ್ನು ಬರೆದ.
ನಾಲ್ಕೇ ಬೀಸು, ಬಾವಿಯಂಥ ಉಡುಪು.
ಅತ್ತೆ. ಹೌದು, ಇದು ನನ್ನದು.

ಮರುದಿನ ಅದನ್ನೇ ಒಗೆದು ಹಗ್ಗಕ್ಕೆ ಹರವಿದೆ.
ಹತ್ತು ಗಂಟೆಯ ಬಿಸಿಲು.
ತೋಳಿನ ಮಡಿಕೆಯಲ್ಲಿ ನೇರಳೆ.
ಸೊಂಟದ ಬಳಿ, ಸುಳ್ಳಲ್ಲ, ಹಸಿರು.
ಎಷ್ಟು ಹೊತ್ತು ನಿಂತೆನೋ, ಒಲೆಯ ಮೇಲಿನ ಹಾಲು ಉಕ್ಕಿತು.

ಈಗ ಎರಡೂ ಚಿತ್ರ ಅಂಗಡಿಯಲ್ಲಿವೆ, ಎದುರುಬದುರು.
ಯಾವುದು ನಿಜ ಎಂದು ಗಿರಾಕಿಗಳು ಕೇಳಿದರೆ
ಏನು ಬೇಕಿತ್ತು ಎನ್ನುತ್ತೇನೆ.

ಬಿಸೆಂತ್ ಕೇಳಿದ್ದು ಹನ್ನೆರಡು.
ಕೊಟ್ಟಿದ್ದು ಹನ್ನೊಂದು.
ಒಂದರ ತವರದ ಮೇಲೆ, ಮುಚ್ಚಳದ ಕೆಳಗೆ,
ಹೆಬ್ಬೆರಳು ಒತ್ತಿದ ತಗ್ಗಿದೆ.
ಅದು ಮಾರಾಟಕ್ಕಿಲ್ಲ.