ತಪ್ಪು

ಬಂದರಿನ ಹಿಂದಿನ ಓಣಿ, ಒಣಮೀನಿನ ಗೋದಾಮಿನ ಮೇಲಿನ ಕೋಣೆ.
ಸಾವಿರದಿನ್ನೂರು ಕ್ಯಾಸೆಟ್ಟು, ಒಂದು ಫ್ಯಾನು,
ಒಂದು ಕಂಪ್ಯೂಟರು, ನಾನು.
ಪ್ರತಿ ದನಿಗೂ ಒಂದು ಹೆಸರು, ಪ್ರತಿ ಹೆಸರಿಗೂ ಒಂದೇ ಖಾನೆ:
ತತ, ಸುಷಿರ, ಅವನದ್ಧ, ಘನ.
ಕೆಳಗೆ, ಕರೆಯದೆ ಬಂದು ಬಾಗಿಲಲ್ಲಿ ನಿಂತವರ ಹಾಗೆ,
ಇತರೆ.

ಮೊದಲ ವಾರ ಸುಲಭ ಅಂದುಕೊಂಡೆ.
ಚೆಂಡೆ ಚೆಂಡೆಯೇ, ಮದ್ದಳೆ ಮದ್ದಳೆಯೇ.
ಆಮೇಲೆ ಡೋಲು ಬಂತು.
ವಾಮಯ್ಯ ಸೇರಿಗಾರರಿಗೆ ಫೋನು ಮಾಡಿದೆ.
"ಡೋಲು ಅಂದರೆ ನಾಗಸ್ವರದ ಪಕ್ಕದ್ದು ಮಾರಾಯ್ತಿ,
ಒಂದು ಕಡೆಗೆ ಕೋಲು, ಇನ್ನೊಂದು ಕೈಯ ಬೆರಳಿಗೆಲ್ಲ ಟೋಪಿ."
ಸಂಜೆ ಗುರುಪುರದ ಆಚೆ ಚನಿಯಣ್ಣನ ಜಗಲಿಯಲ್ಲಿ
ಡೋಲು ಬೇರೆಯೇ, ಉದ್ದಕ್ಕೆ, ಹೆಗಲಿಂದ ಇಳಿದದ್ದು.
"ಅವರು ಕರೆದು ಬಡಿಸುವಾಗ ಹೆಸರೂ ಅವರದ್ದೇ ಇತ್ತು.
ಈಗ ನಮಗೋಸ್ಕರ ನಾವು ಬಡಿಯುವುದು.
ಮನೆಯೊಳಗೆ ಯಾರಾದರೂ ಹೆಸರು ಹಿಡಿದು ಕರೆಯುತ್ತಾರಾ?
ಚಾ ಆರ್‍ತದೆ, ಕುಡಿ."
ಡೋಲು ೧, ಡೋಲು ೨ ಎಂದು ಬರೆದೆ.
ಯಾರದ್ದು ಒಂದು, ಯಾರದ್ದು ಎರಡು?
ಅರ್ಧ ದಿನ ಅಲ್ಲೇ ಹೋಯಿತು.

ಗುಮಟೆಯನ್ನು ಯಂತ್ರವೇ ತಿದ್ದಿ ಗುಮ್ಮಟ ಮಾಡಿತು.
ಎಂಟು ದಿನ ಕುಡುಬಿಯರ ಹೋಳಿಯ ಮಡಕೆ
ವಾಸ್ತುಶಿಲ್ಪದ ಕಡತದಲ್ಲಿ ಕೂತಿತ್ತು, ಉಡದ ಚರ್ಮ ಸಮೇತ.
ದುಡಿ ಎಂದರೆ ಕ್ರಿಯಾಪದ ಎಂದಿತು.
ಅದೇನೂ ಸುಳ್ಳಲ್ಲ.
ಕೊಂಬು: ಊದುವುದಕ್ಕೊಂದು, ಮೇಲಿನ ಆಫೀಸಿನವರಿಗೊಂದು.
ಗಗ್ಗರವನ್ನು ಆಭರಣದಿಂದ ತೆಗೆದು ಘನಕ್ಕೆ ಹಾಕಿದ ರಾತ್ರಿ
ನಿದ್ದೆ ಹತ್ತಲಿಲ್ಲ.
ಬೆಳಿಗ್ಗೆ ಎರಡೂ ಕಡೆ ಬರೆದು, ಯಾರೂ ನೋಡುವ ಮೊದಲು
ಪರದೆಗೆ ಕೈಮುಗಿದೆ.

ಹೀಗಿರುವಾಗ ಇನ್ನೂರ ಹದಿನಾಲ್ಕು.
ಡಬ್ಬಿಯ ಮೇಲೆ ನೀಲಿ ಶಾಯಿ. ಊರಿಲ್ಲ, ತಾರೀಕಿಲ್ಲ,
ಒಂದೇ ಶಬ್ದ: ತಪ್ಪು.

ರದ್ದಿಗೆಂದು ಬದಿಗಿಟ್ಟದ್ದೇ.
ಬಾಡಿಗೆಯ ರಶೀದಿ ಕೊಡಲು ಬಂದ ಗೋದಾಮಿನ ಪೊಡಿಯಬ್ಬ
ಓದಿ ನಕ್ಕರು.
"ತಪ್ಪಲ್ಲ ಅದು, ದಪ್ಪು. ನಮ್ಮ ದಫ್.
ನನ್ನ ಅಜ್ಜನೂ ಹಾಗೇ ಬರೆಯುತ್ತಿದ್ದರು,
ಬರೆಯಲು ಬರುತ್ತಿದ್ದರೆ."
ವಾಮಯ್ಯನವರು: "ತಪ್ಪಡಿ. ಡಿ ಬಿಟ್ಟುಹೋಗಿದೆ."
ಮೇಲಿನ ಆಫೀಸು: "ಅಳಿಸಿ. ಜಾಗ ಉಳಿಯುತ್ತದೆ."

ಹಾಕಿದೆ.
ಮೊದಲು ಗರಗರ, ಮರಳು ಎಳೆದ ಹಾಗೆ.
ಆಮೇಲೆ ಚರ್ಮ. ಬೆಂಕಿಗೆ ಹಿಡಿದು ಕಾಯಿಸಿದ್ದು, ಗೊತ್ತಾಗುತ್ತದೆ.
ಒಂದು ಕೈ. ಅದರ ಬೆನ್ನಿಗೆ ಚಿಕ್ಕದೊಂದು ಕೈ,
ದೊಡ್ಡದು ಹೇಳಿದ್ದನ್ನು ತುಸು ತಡವಾಗಿ ಹೇಳುವುದು.
ಏಳನೇ ಪೆಟ್ಟಿಗೆ ಚಿಕ್ಕ ಕೈ ಜಾರಿತು.
ದೂರದಲ್ಲಿ ಬೋಟಿನ ಎಂಜಿನ್ನು.
ಒಂದು ಗಂಡು ದನಿ, ಮೆಲ್ಲ: "ತಪ್ಪು."
ಪುನಃ ಮೊದಲಿಂದ.
ಪುನಃ ಏಳನೆಯದು.
"ತಪ್ಪು."
ಹೀಗೇ ನಲವತ್ತೈದು ನಿಮಿಷ, ಒಂದು ಬದಿ ಪೂರ್ತಿ.
ಕೊನೆಕೊನೆಗೆ ಮಗು ಬೇಕೆಂದೇ ಜಾರುತ್ತಿತ್ತೋ ಏನೋ,
ಇಬ್ಬರೂ ನಗುತ್ತಿದ್ದರು.

ಆ ದನಿ ವಾದ್ಯದ ಹೆಸರು ಹೇಳಿಕೊಡುತ್ತಿತ್ತೋ,
ಬೆರಳು ತಿದ್ದುತ್ತಿತ್ತೋ,
ಪೊಡಿಯಬ್ಬರಿಗೂ ಹೇಳಲಾಗಲಿಲ್ಲ.
ಮೂರು ಸಲ ಹಾಕಿಸಿ ಕೇಳಿದರು,
ರಶೀದಿ ಪುಸ್ತಕ ಇಲ್ಲೇ ಮರೆತು ಮೆಟ್ಟಿಲಿಳಿದರು.

ವಾದ್ಯದ ಹೆಸರು: ತಪ್ಪು.
ವರ್ಗ: ಅವನದ್ಧ.
ವಾದಕರು: ಇಬ್ಬರು.
ಷರಾ ಎಂಬಲ್ಲಿ ಗೆರೆಯೊಂದು ಮಿಣುಕುತ್ತ ಕಾಯುತ್ತಿದೆ.
ಕ್ಯಾಸೆಟ್ಟಿನ ಆಚೆ ಬದಿಯನ್ನು
ನಾನಿನ್ನೂ ಹಾಕಿಲ್ಲ.