ಒಂದು ಹಿಡಿಯ ರಸೀದಿ

ಮೂವತ್ತೊಂದು ವರ್ಷ ಟಿಕೇಟು ಹರಿದ ಕೈ ಇದು,
ಈಗ ಸಂಘದ ರಸೀದಿ ಹರಿಯುತ್ತದೆ.
ಸಿದ್ದಾಪುರದ ಬಸ್‌ ನಿಲ್ದಾಣದ ಹಿಂದೆ
ಎರ್ಮು ಕಾಕನ ಸೈಕಲ್‌ ಅಂಗಡಿಯ ಒಳಕೋಣೆಯಲ್ಲಿ
ಒಂದು ಮೇಜು, ಎರಡು ಬೆಂಚು, ಗೋಣಿ ತೂಗುವ ತಕ್ಕಡಿ,
ಬೀಗ ಕೆಟ್ಟ ಕಬ್ಬಿಣದ ಪೆಟ್ಟಿಗೆ.
ಬೀಗ ಕೆಟ್ಟದ್ದು ಊರಿಗೆಲ್ಲ ಗೊತ್ತು.
ಇದುವರೆಗೆ ಹೋದದ್ದು ಒಂದು ಪೆನ್ನು.

ನಾವು ಹಣ ಕೇಳುವವರಲ್ಲ, ಮೆಣಸು ಕೇಳುತ್ತೇವೆ.
ಕಾಫಿ ಕೊಯ್ಲು ಮುಗಿದು ಬಳ್ಳಿಗೆ ಏಣಿ ಒರಗುವ ಹೊತ್ತಿಗೆ
ಜೀಪು ಹತ್ತಿ ಹೊರಡುತ್ತೇವೆ,
ಪುತ್ತರಿಗೆ ಮನೆಮನೆ ಹಾಡಿ ಬರುವವರ ಹಾಗೆ,
ಹಾಡು ಮಾತ್ರ ಬಾರದು.
ಲಿಲ್ಲಿ ಟೀಚರು ಗೋಣಿಯ ಬಾಯಿ ಹಿಡಿಯುತ್ತಾರೆ,
ನಾನು ಅಭ್ಯಾಸಬಲದಿಂದ ರೈಟ್‌ ರೈಟ್‌ ಎನ್ನುತ್ತೇನೆ.
ಮನೆಗೆ ಕನಿಷ್ಠ ಒಂದು ಸೇರು.
ಕೆಲವರು ಸೇರಿನ ಮೇಲೆ ಗೋಪುರ ಕಟ್ಟಿ ಅಳೆಯುತ್ತಾರೆ,
ಕೆಲವರು ಅಂಗೈಯಿಂದ ಸವರಿ ಮಟ್ಟ ಮಾಡುತ್ತಾರೆ.
ಯಾರು ಹೇಗೆಂದು ನಾನು ಬರೆದಿಡುವುದಿಲ್ಲ.
ಮರೆಯುವುದೂ ಇಲ್ಲ.

ಗೋಣಿಕೊಪ್ಪದಲ್ಲಿ ಮೆಣಸು ಹಣವಾಗುತ್ತದೆ,
ಹಣ ಮತ್ತೆ ಇನ್ನೇನೋ ಆಗುತ್ತದೆ:
ಆನೆ ತಳ್ಳಿದ ಗೋಡೆಗೆ ಇಟ್ಟಿಗೆ,
ಹುಡುಗನೊಬ್ಬನ ಎಡಗಾಲಿಗೆ ದಪ್ಪ ಅಡಿಯ ಬೂಟು,
ಡಯಾಲಿಸಿಸ್ಸಿಗೆಂದು ಮಡಿಕೇರಿಗೆ
ವಾರಕ್ಕೆರಡು ಸಲ ಹೋಗಿಬರುವ ಬಸ್‌ ಚಾರ್ಜು.
ನೆಲ್ಲಿಹುದಿಕೇರಿ, ಚೆಟ್ಟಳ್ಳಿ,
ಆ ದಾರಿಯ ಒಂದೊಂದು ಸ್ಟೇಜೂ ನನಗೆ ಬಾಯಿಪಾಠ.
ಸಭೆಯಲ್ಲಿ ಹೆಸರು ಓದಬಾರದು, ನಂಬರು ಮಾತ್ರ.
"ಏಳನೆಯವರಿಗೆ ಎರಡು ಸಾವಿರ" ಎನ್ನುತ್ತೇನೆ.
ಹಿಂದಿನ ಬೆಂಚಿನಲ್ಲಿ ಏಳನೆಯವರು ಕೆಮ್ಮುತ್ತಾರೆ.
ಎಲ್ಲರೂ ಕಿಟಕಿ ನೋಡುತ್ತೇವೆ.

ಈ ಸಲ ಮುತ್ತೆ ಬಂದಳು, ಲೈನ್‌ಮನೆಯ ಎರವರ ಮುತ್ತೆ.
ಅವಳ ಗಂಡ ಬೊಳಕನಿಗೆ ಎರಡು ವರ್ಷ ಚಾರ್ಜು ಕೊಟ್ಟಿದ್ದೆವು,
ಕಳೆದ ಆಟಿಯಿಂದ ಅದರ ಅಗತ್ಯ ಬೀಳಲಿಲ್ಲ.
ಸೆರಗಿನ ಗಂಟು ಮೇಜಿನ ಮೇಲೆ ಬಿಚ್ಚಿದಳು.
ಒಂದು ಹಿಡಿ ಮೆಣಸು, ಕಸ ತೆಗೆದು ಒಣಗಿಸಿದ್ದು.
"ಬರ್ಕೊಳ್ಳಿ ಕಂಡಕ್ಟ್ರೇ."

ಗೋಣಿ ತಕ್ಕಡಿಯ ಮುಳ್ಳು ಅಲುಗಲಿಲ್ಲ.
ಕನಿಷ್ಠ ಒಂದು ಸೇರು, ಎಂದು ಗೋಡೆಯ ಮೇಲೆ
ನನ್ನದೇ ದುಂಡಕ್ಷರ.

ಆಗ ಅಧ್ಯಕ್ಷರು, ಮಂದಪ್ಪನವರು,
ಕನ್ನಡಕ ಒರೆಸುತ್ತ, ಜಗಳದ ದನಿಯಲ್ಲೇನೂ ಅಲ್ಲ,
"ಇದು ನನ್ನ ತೋಟದ ಮೆಣಸಲ್ಲವಾ?"

"ಹೌದು ಸಾವ್ಕಾರ್ರೇ. ಬಳ್ಳಿದು ನಿಮ್ದು.
ಇದು ನೆಲದ್ದು. ನೀವು ಬಿಟ್ಟದ್ದು, ಹಕ್ಕಿ ಬಿಟ್ಟದ್ದು."

ಹೊರಗೆ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದ ಕಾಕನೂ ನಿಲ್ಲಿಸಿದ.
ಉದುರಿದ್ದೂ ತೋಟದ್ದೇ, ಎಂದರು ಯಾರೋ.
ಬಗ್ಗಿದ ಬೆನ್ನು ಯಾರದು, ಎಂದರು ಲಿಲ್ಲಿ ಟೀಚರು.
ಚಿಲ್ಲರೆಗೆ ಜಗಳ ಕಂಡವನು ನಾನು,
ಅರ್ಧ ಟಿಕೇಟಿಗೆ ಮಗುವಿನ ವಯಸ್ಸು ಇಳಿಸಿದವರನ್ನೂ ಕಂಡವನು;
ಕೊಡುವುದಕ್ಕೆ ಬಂದವಳ ಮುಂದೆ
ಹೀಗೆ ಲೆಕ್ಕ ತಪ್ಪಿದ್ದಿಲ್ಲ.

ಅಕ್ಕಸಾಲಿ ವಾಮನಾಚಾರಿಯ ಅಂಗಡಿಗೆ ಹುಡುಗನನ್ನು ಅಟ್ಟಿ
ಚಿನ್ನದ ತಕ್ಕಡಿ ತರಿಸಿದೆ.
ಗಾಜಿನ ಗೂಡಿನೊಳಗೆ ಮೆಣಸು.
ಬಾಗಿಲು ಸರಿಯಾಗಿ ಕೂರದು, ಉಸಿರು ತಾಗಿದರೂ ಅಂಕಿ ಓಡುತ್ತದೆ.
ಎಲ್ಲರೂ ಉಸಿರು ಹಿಡಿದೆವು,
ಮಂದಪ್ಪನವರೂ.
ನಲವತ್ತೊಂದು ಗ್ರಾಂ.

ರಸೀದಿ ಸಂಖ್ಯೆ ಇನ್ನೂರ ಹದಿನಾಲ್ಕು.
ದಾನಿಯ ಹೆಸರು: ಮುತ್ತೆ.
ವಿಳಾಸದ ಎದುರು ಪೆನ್ನು ನಿಂತಿತು.
ಲೈನೂ ಮಂದಪ್ಪನವರದು, ಅದರ ಬಾಗಿಲ ನಂಬರೂ ಅವರದು.
ಸಿದ್ದಾಪುರ, ಎಂದಷ್ಟೇ ಬರೆದೆ.

ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿ
ಹೊಸಿಲಿನಲ್ಲಿ ತಿರುಗಿ ಕೇಳಿದಳು,
"ಇದ್ನ ಯಾರಿಗಾದ್ರೂ ತೋರಿಸ್ಬೇಕಾ?"
"ಯಾರೂ ಕೇಳುವುದಿಲ್ಲ" ಎಂದೆ.
"ಕೇಳ್ತಾರೆ ಕಂಡಕ್ಟ್ರೇ" ಎಂದಳು,
ಮಡಿಕೆ ಇನ್ನೊಮ್ಮೆ ಮುಟ್ಟಿ ನೋಡಿಕೊಂಡು
ಇಳಿದು ಹೋದಳು.