ದೆವ್ವದ ಕತೆಗಳ ಕುರಿತು ಒಂದು ತಕರಾರು

ರೂವಿಯ ಪಾರ್ಕಿಂಗಿನಲ್ಲಿ ರಾತ್ರಿಪಾಳಿ ನನಗೆ.
ವಾಮಂಜೂರಿನ ಸಿಪ್ರಿಯಾನ್ ರಜೆ ಮುಗಿಸಿ ಬರುವಾಗ
ಉಪ್ಪಿನಕಾಯಿ ಡಬ್ಬಕ್ಕೆ ಒತ್ತು ಕೊಟ್ಟು ತರುವ
ಹಳೇ ದೆವ್ವದ ಕಾದಂಬರಿಗಳು,
ಎಣ್ಣೆ ಕುಡಿದ ಪುಟಗಳು, ಅಷ್ಟೂ ಓದಿದ್ದೇನೆ.

ಬಾಗಿಲು ಕಿರ್ರೆಂದರೆ ನನಗೆ ಹೆದರಿಕೆಯಿಲ್ಲ.
ಇಲ್ಲಿನವು ಗಾಜಿನವು, ಸದ್ದಿಲ್ಲದೆ
ಯಾರೂ ಬರದಿದ್ದರೂ ತಾವೇ ತೆರೆಯುತ್ತವೆ.
ಅಮಾವಾಸ್ಯೆಯೂ ಬೇಡ, ಟ್ಯೂಬ್‌ಲೈಟಿಗೆ ಯಾವ ಪಕ್ಷ?
ಬಿಳಿ ಸೀರೆ ಸಾಕು ಮಾರಾಯ್ರೆ,
ಒಂದು ದೆವ್ವಕ್ಕಾದರೂ ಇಸ್ತ್ರಿ ಮಾಡಿದ ಅಂಗಿ ಬೇಡವೆ?

ಕೊನೆಯ ಅಧ್ಯಾಯದಲ್ಲಿ ಡಾಕ್ಟರನ್ನು ಕರೆಸಿ
ಎಲ್ಲ ಮನಸ್ಸಿನ ಭ್ರಮೆ ಎನ್ನಿಸುವವರ ಮೇಲೆ ಸಿಟ್ಟು.
ಇನ್ನೂರು ಪುಟ ಕೊಟ್ಟ ಹೆದರಿಕೆಯನ್ನು
ಬಡ್ಡಿ ಸಮೇತ ವಾಪಸು ಕೇಳಿದ ಹಾಗೆ.

ನಾನು ನಂಬುವುದು ಒಂದನ್ನೇ:
ಕದದ ಮೇಲೆ ಸುಣ್ಣದಲ್ಲಿ ಬರೆದ 'ನಾಳೆ ಬಾ' ಓದಿ
ಸುಮ್ಮನೆ ತಿರುಗಿ ಹೋಗಿ
ಮರುದಿನ ಮತ್ತೆ ಬರುವ ಆ ಬಡಪಾಯಿ.
ಅಕ್ಷರ ಬಲ್ಲದ್ದು. ಮಾತಿಗೆ ತಪ್ಪದ್ದು.
ಅದಕ್ಕೇನು ಬೇಕಿತ್ತು ಅಂತ
ಬರೆದವರು ಒಬ್ಬರೂ ಕೇಳಲಿಲ್ಲ.

ಮೊನ್ನೆ ಪಾಸ್‌ಪೋರ್ಟ್ ಕೇಳಲು ಆಫೀಸಿಗೆ ಹೋದೆ,
ಹನ್ನೊಂದನೇ ಸಲ.
ಗುಮಾಸ್ತ ತಲೆಯೆತ್ತದೆ 'ಬುಕ್ರಾ' ಎಂದ.
ಬುಕ್ರಾ ಅಂದರೆ ನಾಳೆ.
ಹೊರಡುವಾಗ ಗಾಜಿನ ಬಾಗಿಲು ತೆರೆಯಲಿಲ್ಲ.
ಎರಡು ಹೆಜ್ಜೆ ಹಿಂದೆ ಸರಿದು ಕೈ ಬೀಸಿದೆ.
ತೆರೆಯಿತು ಆಮೇಲೆ, ಸುಳ್ಳು ಹೇಳಬಾರದು.

ಆದರೂ ಬಿಸಿಲಿಗೆ ಬಂದವನೇ
ಮೊದಲು ಪಾದ ನೋಡಿಕೊಂಡೆ,
ಯಾವ ಕಡೆಗಿವೆ ಅಂತ.